ಬಚ್ಚಲಮನೆಯ ಬಿಸಿ ಏಣಿ

ನನ್ನ ಅಣ್ಣ ಬೆಟಗೇರಿಯ ಆಚೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿದ್ದು ವೈಶಾಖದಲ್ಲಿ. ನಮ್ಮ ಕಡೆ ವೈಶಾಖವೆಂದರೆ ನಾಯಿಗಳು ಬೆಳಿಗ್ಗೆ ಹತ್ತಕ್ಕೇ ಗಟಾರದಲ್ಲಿ ಹೋಗಿ ಮಲಗುವ ಕಾಲ. ಅಂಥ ದಿನ ಬಂದ ನೆಂಟರನ್ನು ಅಣ್ಣ ಮೊದಲು ಕರೆದುಕೊಂಡು ಹೋದದ್ದು ದೇವರ ಕೋಣೆಗಲ್ಲ, ಬಚ್ಚಲಮನೆಗೆ. ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಬರಿಗಾಲಲ್ಲಿ ನಿಲ್ಲಿಸಿ ಕೇಳುತ್ತಿದ್ದ:

“ತಿಳಿತೈತೇನ್ರಿ? ಕಾಲಾಗ ಕಾವು ತಿಳಿತೈತಿಲ್ಲ?”

ತಿಳಿಯದೆ ಏನು? ಅಂಗಳದ ಫರ್ಸಿಕಲ್ಲಿನ ಮೇಲೆ ಕಾಲು ಸುಟ್ಟುಕೊಂಡು ಕುಣಿಯುತ್ತ ಒಳಗೆ ಬಂದವರು ಅವರು. ಒಳಗೂ ಕಾವೇ ಸಿಕ್ಕಿತು. ಆದರೂ ಎಲ್ಲರೂ ತಲೆಯಾಡಿಸಿ ಭಾಳ ಚಲೋ ಐತಿ ಅಂದರು. ಊಟ ಇನ್ನೂ ಆಗಿರಲಿಲ್ಲ.

ನೆಲದ ಕೆಳಗೆ ಕರೆಂಟಿನಿಂದ ಕಾಯುವ ವೈರಿನ ಜಾಲರಿ ಹಾಸಿ ಮೇಲೆ ಟೈಲ್ಸ್ ಕೂರಿಸಿದ್ದರು. ಅಷ್ಟೇ ಆಗಿದ್ದರೆ ಕಣ್ಣಿಗಾದರೂ ಬೀಳುತ್ತಿರಲಿಲ್ಲ. ಗೋಡೆಗೆ ಇನ್ನೊಂದು ಇತ್ತು. ಥಳಥಳ ಹೊಳೆಯುವ ಉಕ್ಕಿನ ಸರಳುಗಳು ಒಂದರ ಮೇಲೊಂದು, ಎರಡು ಕಂಬಗಳ ನಡುವೆ. ಮುಂಡರಗಿಯಿಂದ ಬಂದಿದ್ದ ನಮ್ಮ ಸೋದರಮಾವ ಅದರ ಮುಂದೆ ಬಹಳ ಹೊತ್ತು ನಿಂತರು.

“ಇದನ್ನ ಹತ್ತಿ ಎಲ್ಲಿಗೆ ಹೋಗೂದಪಾ?”

“ಹತ್ತೂದಲ್ಲ ಮಾವಾ. ಇದಕ್ಕ ಟವೆಲ್ ರೇಡಿಯೇಟರ್ ಅಂತಾರ. ಟಾವೆಲ್ ಹಾಕಿದ್ರ ಬಿಸಿ ಆಗತೈತಿ.”

“ಬಿಸಿ ಟಾವೆಲ್ ತಗೊಂಡು?”

“ಮೈ ಒರಸ್ಕೊಳ್ಳೂದು.”

“ಆಮ್ಯಾಲ?”

“ಆಮ್ಯಾಲೇನು?”

“ಆಮ್ಯಾಲ ಬೆವರು ಬರತೈತಲ್ಲೋ, ಅದನ್ನ ಒರಸ್ಕೊಳ್ಳಾಕ ಇನ್ನೊಂದು ಟಾವೆಲ್ ಎಲ್ಲಿಟ್ಟೀ?”

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು, ಅಂದಿನಿಂದ ಅದರ ಹೆಸರು ಏಣಿ ಎಂದೇ ಆಯಿತು. ಮಾವ ಹೀಗೇ ಅಂದರೋ ಅಥವಾ ಮುಂದೆ ಹತ್ತು ಕಡೆ ಹೇಳಿಕೊಂಡು ತಿರುಗುವಾಗ ನಾನೇ ಅವರ ಬಾಯಿಗೆ ಈ ಮಾತನ್ನು ಹಾಕಿದೆನೋ, ಆಣೆ ಮಾಡಿ ಹೇಳಲಾರೆ. ನನ್ನ ನೆನಪಿಗೆ ಈ ಚಾಳಿ ಇದೆ. ಎಷ್ಟು ಕೆಟ್ಟ ಚಾಳಿ ಎಂಬುದು ಆ ದಿನ ಗೊತ್ತಿರಲಿಲ್ಲ.

ಅಣ್ಣನದು ಶೇಂಗಾ, ಮೆಣಸಿನಕಾಯಿಯ ಅಡತಿ ವ್ಯಾಪಾರ. ಒಮ್ಮೆ ವ್ಯಾಪಾರಸ್ಥರ ತಂಡದ ಜೊತೆ ಉತ್ತರದ ಯಾವುದೋ ಹಿಮದ ಊರಿಗೆ ಹೋಗಿದ್ದ. ಹೋದವರೆಲ್ಲ ಹಿಮದ ಸುದ್ದಿ ತಂದರೆ ಇವನು ಹೋಟೆಲ್ಲಿನ ಬಚ್ಚಲ ಸುದ್ದಿ ತಂದ. ಅಲ್ಲಿ ನೆಲ ಬೆಚ್ಚಗಿತ್ತಂತೆ, ಗೋಡೆಯ ಮೇಲಿನ ಟವೆಲ್ ಆಗಷ್ಟೇ ಇಸ್ತ್ರಿ ಮಾಡಿದ ಹಾಗಿತ್ತಂತೆ. ನಾನು ಭೌತಶಾಸ್ತ್ರ ಓದಿದವನು. ಧಾರವಾಡದಲ್ಲಿ ಎಮ್ಮೆಸ್ಸಿ ಮಾಡಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಲೇಜುಗಳಲ್ಲಿ ಪಾಠ ಹೇಳಿ, ಎಲ್ಲಿಯೂ ನಾಲ್ಕು ವರ್ಷಕ್ಕಿಂತ ಹೆಚ್ಚು ನಿಲ್ಲಲಾರದೆ ಈಗ ಗದಗಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಫಿಟ್ಟಿಂಗ್ ಮಾಡಲು ಹುಬ್ಬಳ್ಳಿಯಿಂದ ಬಂದವನನ್ನು ನಾನು ವಿದ್ಯೆಯ ಗತ್ತಿನಲ್ಲೇ ಕೇಳಿದೆ: ನೆಲವೇ ಬಿಸಿಯಾಗಿರುವಾಗ ಗೋಡೆಗೇಕೆ ಇನ್ನೊಂದು?

“ಸರ್, ನೆಲದ ಕಾವು ಕಾಲಿಗೆ ಅಷ್ಟ ರಿ. ಅದರಿಂದ ಟಾವೆಲ್ ಒಣಗೂದಿಲ್ಲ. ನೆಲ ಮಾಡಿಸಿದವರು ಇದನ್ನೂ ಮಾಡಿಸ್ಬೇಕಾಗತೈತಿ.”

ಅಂದರೆ ಮೊದಲನೆಯ ಮೂರ್ಖತನದಿಂದ ಆಗದ ಕೆಲಸಕ್ಕೆ ಎರಡನೆಯ ಮೂರ್ಖತನ. ನಮ್ಮದು ನಲ್ಲಿಯಲ್ಲಿ ನೀರು ಬಂತೆಂದರೆ ಓಣಿಗೆ ಓಣಿಯೇ ಕೆಲಸ ಬಿಟ್ಟು ಕೊಡ ಹಿಡಿದು ಓಡುವ ಊರು. ಟವೆಲ್ ಒದ್ದೆಯಾಗಲು ನೀರಿಲ್ಲದ ಕಡೆ ಟವೆಲ್ ಒಣಗಿಸುವ ಯಂತ್ರ. ಈ ಮಾತನ್ನು ನಾನು ಅಣ್ಣನಿಗೂ ಹೇಳಿದೆ.

“ನಿಂದು ಓದಿದ್ದು ಹೆಚ್ಚಾತು ಲೇ ತಮ್ಮಾ,” ಅಂದ. “ಬಾಡಿಗಿ ಮನ್ಯಾಗ ಇರಾವ್ರಿಗೆ ಇವೆಲ್ಲ ತಿಳಿಯೂದಿಲ್ಲ.”

ಮಳೆಗಾಲಕ್ಕೆ ಅಣ್ಣನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಷಾಢದಲ್ಲಿ ಗಂಡು ಕೂಸು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಣ್ಣ ಹುಕುಂ ಹೊರಡಿಸಿದ. ಬಾಣಂತನ ಆಗಬೇಕು, ಆದರೆ ಮನೆಯಲ್ಲಿ ಕೆಂಡ ಬೇಡ, ಲೋಬಾನದ ಹೊಗೆ ಬೇಡ, ಶೇಗಡಿ ಅಂತೂ ಬೇಡವೇ ಬೇಡ. ಬಣ್ಣ ಹೊಸದು, ಸೀಲಿಂಗ್ ಬಿಳಿಯದು. ಕಾವು ಬೇಕಾದರೆ ನೆಲ ಇದೆ, ಅರಿವೆ ಒಣಗಿಸಲು ಏಣಿ ಇದೆ. ಇಷ್ಟು ದಿನ ನೆಂಟರಿಗೆ ತೋರಿಸಿ ಬೇಸತ್ತಿದ್ದ ಅವನಿಗೆ ಕೊನೆಗೂ ತನ್ನ ಬಚ್ಚಲಮನೆಗೊಂದು ಉದ್ಯೋಗ ಸಿಕ್ಕಿತ್ತು.

ಶೇಗಡಿ ಎಂದರೆ ಕೆಂಡ ತುಂಬಿದ ಒಲೆ, ಕೈಯಲ್ಲಿ ಎತ್ತಿಕೊಂಡು ಓಡಾಡುವಂಥದು. ನಮ್ಮಲ್ಲಿ ಬಾಣಂತಿ ಮಲಗುವ ಹೊರಸಿನ ಕೆಳಗೆ ಅದನ್ನು ಇಟ್ಟು ಬೆನ್ನು ಕಾಯಿಸುತ್ತಾರೆ. ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಚಿಟಿಕೆ ಲೋಬಾನ ಉದುರಿಸಿ, ಕೂಸಿನ ಕುಂಚಿಗೆ, ಕುಲಾಯಿ, ಅಡಿಬಟ್ಟೆಗಳನ್ನು ಬುಟ್ಟಿಯ ಬೆನ್ನಿಗೆ ಹೊದಿಸಿ ಒಣಗಿಸುತ್ತಾರೆ. ನೆಲದ ಕೆಳಗಿನ ಕಾವೂ ಅರಿವೆ ಒಣಗಿಸುವ ಯಂತ್ರವೂ ನಮ್ಮ ಮನೆಗಳಲ್ಲಿ ಇದ್ದವು ಅನ್ನಬೇಕು, ಸ್ವಿಚ್ ಇರಲಿಲ್ಲ ಅಷ್ಟೆ. ಹಾಗಂತ ನಾನು ಶೇಗಡಿಯ ಪರ ಎಂದು ಯಾರೂ ತಿಳಿಯಬಾರದು. ನನಗೆ ಅದರ ಮೇಲೆ ಏಣಿಗಿಂತ ಹಳೆಯ ಸಿಟ್ಟಿತ್ತು.

ನನ್ನ ಎಡ ಮುಂಗೈ ಮೇಲೆ ಸುಟ್ಟ ಕಲೆ ಇದೆ. ನನಗೆ ಮೂರು ವರ್ಷವಿದ್ದಾಗ ನನ್ನ ತಂಗಿ ಹುಟ್ಟಿದಳು. ಅವ್ವನ ಹೊರಸಿನ ಕೆಳಗೆ ಶೇಗಡಿ ಇತ್ತು. ಕೂಸಿಗೆ ನೀರೆರೆಯಲು ಬರುತ್ತಿದ್ದ ಹೆಂಗಸು ಅದನ್ನು ಅಲ್ಲೇ ಬಿಟ್ಟು ಎದ್ದುಹೋದಳು, ನಾನು ಹೊರಸಿನ ಕೆಳಗೆ ತೆವಳಿಕೊಂಡು ಹೋಗಿ ಕೆಂಡಕ್ಕೆ ಕೈ ಇಟ್ಟೆ. ಇದು ನಮ್ಮ ಮನೆಯ ಕಥೆ. ಅಪ್ಪ ಕನ್ನಡ ಶಾಲೆಯ ಹೆಡ್‌ಮಾಸ್ತರ, ಮೂಢನಂಬಿಕೆಗಳ ವಿರುದ್ಧ ಊರೂರಲ್ಲಿ ಭಾಷಣ ಮಾಡಿದವರು. ಈ ಕಥೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಮುಂದೆ ನಾನೂ ಹೇಳಿದೆ. ಪ್ರತಿ ವರ್ಷ ಉಷ್ಣದ ಪಾಠ ಬಂದಾಗ ಕ್ಲಾಸಿನಲ್ಲಿ ಅಂಗಿಯ ತೋಳು ಮಡಚಿ ಕಲೆ ತೋರಿಸಿ, ಅಜ್ಞಾನದಿಂದ ಚರ್ಮಕ್ಕೆ ಉಷ್ಣ ಹೇಗೆ ಹರಿಯುತ್ತದೆ ನೋಡಿ ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ವರ್ಷ ಹೋದಂತೆ ಕಥೆಗೆ ಬಣ್ಣ ಏರಿತು. ಹೊರಸಿನ ಹಗ್ಗದ ಸಂದಿಯಿಂದ ಕಂಡ ಕೆಂಪು, ಲೋಬಾನದ ವಾಸನೆ, ಅವ್ವನ ಚೀರಾಟ. ಇವೆಲ್ಲ ನನಗೆ ಸ್ಪಷ್ಟವಾಗಿ ನೆನಪಿದ್ದವು. ಇವೆ ಎಂದೇ ನಂಬಿದ್ದೆ.

ಅಣ್ಣನ ಮಗಳಿಗೂ ಕೂಸಿಗೂ ಎರೆಯಲು ಯಾರು? ಆಯಾಗಳನ್ನು ಕಳಿಸುವ ಕಡೆ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನ್ ಹಚ್ಚಿದರು. ಒಬ್ಬಳು ಬಂದು, ಕೂಸನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಅದ್ದಿ ತೆಗೆದು, ಆಯಿತು ಅಂದಳು. ವೈನಿ ಮರುದಿನವೇ ಬೆಟಗೇರಿಯ ನೇಕಾರ ಓಣಿಗೆ ಹೋಗಿ ಒಬ್ಬ ಮುದುಕಿಯನ್ನು ಕರೆತಂದರು. ಎಪ್ಪತ್ತು ದಾಟಿದ, ಬೆನ್ನು ಇನ್ನೂ ನೆಟ್ಟಗಿರುವ ಆಕೆಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಾರೆ. ನನ್ನ ತಂಗಿಗೆ ಎರೆದವಳು, ನಮ್ಮ ಮನೆಯ ಕಥೆಯಲ್ಲಿ ನನ್ನನ್ನು ಸುಟ್ಟವಳು, ಈಕೆಯೇ. ಅಣ್ಣ ವೈನಿಯ ಮೇಲೆ ಹಾರಾಡಿದ. ವೈನಿ ಜಗ್ಗಲಿಲ್ಲ. “ನೀವು ಎರೀತೀರೇನು ಹಂಗಾರ? ಬರ್ರಿ, ಮಣಿ ಹಾಕ್ತೀನಿ, ಕುಂಡ್ರಿ,” ಅಂದರು.

ಆಯಿ ಬರಲು ಒಪ್ಪಿದ್ದು ಒಂದೇ ಕರಾರಿನ ಮೇಲೆ. ಅದನ್ನು ಆಕೆ ವೈನಿಗೆ ಹೇಳುವಾಗ ನಾನು ಚಹಾ ಕುಡಿಯುತ್ತ ಅಲ್ಲೇ ಕುಳಿತಿದ್ದೆ.

“ಕೂಸಿಗೆ ಎರಿತೀನಿ ಯವ್ವಾ. ಖರೆ, ಐವತ್ತು ವರ್ಷಾತು, ನಮ್ಮ ಓಣ್ಯಾಗ ನನ್ನ ಹೆಸರು ಹೇಳಿದ್ರ ಯಾರ್ಗೂ ತಿಳಿಯೂದಿಲ್ಲ. ಕೂಸು ಸುಟ್ಟಾಕಿ ಅಂದ್ರ ತಿಳಿತೈತಿ. ನನ್ನ ಸೊಸಿನೂ ಜಗಳಾದ್ರ ಅದನ್ನ ಅಂತಾಳ. ನಾ ಸುಟ್ಟಿಲ್ಲ. ಬಾಣಂತನ ಮುಗಿಯೂದ್ರಾಗ ನಿಮ್ಮ ಮನಿಯವರ ಬಾಯಾಗ ನಾಕು ಮಂದಿ ಮುಂದ ಅದೊಂದ್ ಮಾತು ಬರಬೇಕು, ಇಕಿ ಸುಟ್ಟಿಲ್ಲ ಅಂತ. ನನಗ ಮತ್ತೇನೂ ಬ್ಯಾಡ.”

ನಾನು ಒಳಗೇ ನಕ್ಕೆ. ಸಾಕ್ಷಿ ನನ್ನ ಕೈಮೇಲೆ ಇರುವಾಗ ಮುದುಕಿಗೆ ಎಂಥ ಹಟ ಅಂದುಕೊಂಡೆ.

ಮೊದಲ ಬೆಳಿಗ್ಗೆಯೇ ಬಚ್ಚಲಮನೆಯ ಬಣ್ಣ ಬಯಲಾಯಿತು. ಕೂಸಿಗೆ ಎರೆಯುವವರು ನೆಲದ ಮೇಲೆ ಕುಳಿತು ಎರಡೂ ಕಾಲು ಚಾಚಿ, ಕಾಲಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಾರೆ. ಆಯಿ ಕುಳಿತಳು, ಕುಳಿತಷ್ಟೇ ಬೇಗ ಎದ್ದಳು.

“ಯವ್ವಾ, ಇದೇನು ನೆಲಾನೋ ರೊಟ್ಟಿ ಹಂಚೋ? ಕೆಳಗ ಯಾರರೆ ಒಲಿ ಹಚ್ಯಾರೇನು?”

ಅಣ್ಣ ಹೊರಗಿನಿಂದ ಕೂಗಿದ. “ಹಂಗ ಇರ್ಲಿ. ಬೆಚ್ಚಗ ಆಗತೈತಿ ಕೂಸಿಗೆ.”

“ಕೂಸು ನನ್ನ ಕಾಲಮ್ಯಾಲ ಇರತೈತ್ರಿ ಸಾವ್ಕಾರ್ರ. ಬೆಚ್ಚಗಾಗೂದು ನನ್ನ ಕುಂಡಿ!”

ಬಾಣಂತಿ ಕೋಣೆಯಿಂದ ಅಣ್ಣನ ಮಗಳು ಹೊಲಿಗೆ ನೋಯುತ್ತದೆ ಎನ್ನುತ್ತಲೇ ನಕ್ಕಿದ್ದು ಕೇಳಿಸಿತು. ಅಣ್ಣ ಸ್ವಿಚ್ ಆರಿಸಲಿಲ್ಲ. ಆರಿಸಿದರೆ ಸೋತಂತೆ. ಕೊನೆಗೆ ವೈನಿ ಕಟ್ಟಿಗೆಯ ಮಣೆ ತಂದುಕೊಟ್ಟರು, ಅದೂ ಸಾಲದೆ ಅದರ ಕೆಳಗೆ ಗೋಣಿಚೀಲ ಮಡಚಿ ಹಾಕಿದರು. ಕೋಣೆ ಕಾಯಿಸಲು ನೆಲ, ನೆಲದ ಕಾವು ತಡೆಯಲು ಗೋಣಿಚೀಲ, ಚೀಲದ ಮೇಲೆ ಮಣೆ, ಮಣೆಯ ಮೇಲೆ ಮುದುಕಿ. ದಿನವೂ ಇದೇ ಪದ್ಧತಿ ನಡೆಯಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಉಷ್ಣನಿರೋಧಕಗಳ ಬಗ್ಗೆ ಇಷ್ಟು ಚೆನ್ನಾಗಿ ನಾನು ಎಂದೂ ತೋರಿಸಿರಲಿಲ್ಲ.

ಏಣಿಯ ಗತಿ ಇನ್ನೂ ಕೆಟ್ಟಿತ್ತು. ಅದು ಒಂದು ಸಲಕ್ಕೆ ಎರಡು ಟವೆಲ್ ಹಿಡಿಯುವ ಲೆಕ್ಕದಲ್ಲಿ ಹುಟ್ಟಿದ್ದು. ಕೂಸು ಬೆಳಗಿನಿಂದ ಮಧ್ಯಾಹ್ನದೊಳಗೆ ಹನ್ನೆರಡು ಅರಿವೆ ತೋಯಿಸುತ್ತಿತ್ತು. ಡಯಪರ್ ಹಾಕಿದರೆ ತೊಡೆ ಕೆಂಪಾಗುತ್ತದೆಂದು ಅಣ್ಣನ ಮಗಳೇ ಬೇಡ ಅಂದಿದ್ದಳು. ಹಳೆಯ ಬೆಟಗೇರಿ ಸೀರೆಗಳನ್ನು ಹರಿದು ಮಾಡಿದ ಮೆತ್ತನೆಯ ಅಡಿಬಟ್ಟೆಗಳು ಸರಳುಗಳ ಮೇಲೆ ನಾಲ್ಕು ಪದರ ಏರಿದವು. ಮೇಲಿನದು ಒಣಗುವಾಗ ಕೆಳಗಿನದು ಬೆಂದ ವಾಸನೆ ಹೊಡೆಯುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ, ಮಳೆಗೆ ಕರೆಂಟು ಹೋಗುತ್ತಿತ್ತು, ಕರೆಂಟು ಹೋದರೆ ಏಣಿ ಬರೀ ಏಣಿ. ಇನ್ವರ್ಟರ್ ಇದರ ಭಾರ ಎಳೆಯದೆ ಕೀರೆಂದು ಅಳುತ್ತಿತ್ತು, ಅದಕ್ಕೆ ಕೂಸೂ ದನಿಗೂಡಿಸುತ್ತಿತ್ತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅಣ್ಣ ಅಂಗಡಿಗೆ ಹೋದ ಮೇಲೆ ಬಚ್ಚಲಮನೆಯಿಂದ ಲೋಬಾನದ ವಾಸನೆ ಬಂತು. ಇಣುಕಿದೆ. ಏಣಿಯ ಕೆಳಗೇ ಶೇಗಡಿ, ಅದರ ಮೇಲೆ ಬೋರಲು ಬುಟ್ಟಿ, ಬುಟ್ಟಿಯ ತುಂಬ ಕೂಸಿನ ಅರಿವೆ. ವೈನಿ ಬಾಗಿಲು ಕಾಯುತ್ತಿದ್ದರು.

“ನೋಡೇ ಇಲ್ಲ ಅನ್ರಿ,” ಅಂದರು ನನಗೆ.

“ನಾನೇನೂ ನೋಡಿಲ್ಲ,” ಅಂದೆ. ಏಣಿಯನ್ನು ಸೋಲಿಸಿದ್ದು ಶೇಗಡಿ. ಇಬ್ಬರಲ್ಲಿ ಯಾರು ಗೆದ್ದರೂ ನನಗೆ ಅಸಹ್ಯವೇ. ನನ್ನ ಮನೆಗೆ ಬಂದು ಕಿಟಕಿ ತೆರೆದು ಕುಳಿತೆ.

ಬೀಗರು ಕೂಸು ನೋಡಲು ಲಕ್ಷ್ಮೇಶ್ವರದಿಂದ ಬರುವ ದಿನ ಎಲ್ಲ ಹೊರಬಿತ್ತು. ಅವರಿಗೆ ತೋರಿಸಲೆಂದು ಅಣ್ಣ ಬೆಳಿಗ್ಗೆ ಎದ್ದು ಬಚ್ಚಲಮನೆ ನೋಡಲು ಹೋದವನು ತಲೆಯೆತ್ತಿದ. ಬಿಳಿಯ ಸೀಲಿಂಗಿನ ಮೇಲೆ ಬುಟ್ಟಿಯಷ್ಟು ಅಗಲದ ಹೊಗೆಯ ಕಂದು ಕಲೆ. ನಾನು ಹೋಗುವಷ್ಟರಲ್ಲಿ ಆಯಿ ಮಣೆಯ ಪಕ್ಕ ನಿಂತಿದ್ದಳು, ಅಣ್ಣ ಬಾಗಿಲಲ್ಲಿ.

“ಇವತ್ತು ಎರದು ಹೋಗು. ನಾಳಿಂದ ಬರಬ್ಯಾಡ. ನನ್ನ ತಮ್ಮನ್ನ ಸುಟ್ಟದ್ದು ಸಾಲಲಿಲ್ಲೇನು? ಬೀಗರು ಬರ್ತಾರ, ಅವರಿಗೂ ಹೇಳ್ತೀನಿ, ಯಾಕ ಬಿಡಿಸಿದ್ವಿ ಅಂತ.”

ಆಯಿಯ ಮುಖದ ಬಣ್ಣ ಇಳಿಯಿತು. ಬೀಗತಿಯ ತವರುಮನೆ ಬೆಟಗೇರಿಯೇ. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನೇಕಾರ ಓಣಿ ಮುಟ್ಟುತ್ತದೆ. ಒಂದು ಮಾತು ಅಳಿಸಲೆಂದು ಬಂದವಳು ಅದನ್ನು ಇನ್ನೊಮ್ಮೆ ಬರೆಸಿಕೊಂಡು ಹೋಗುವವಳಿದ್ದಳು. ಆಕೆ ನನ್ನ ಕಡೆ ತಿರುಗಿದಳು.

“ಮಾಸ್ತರ, ಸುಟ್ಟದ್ದು ನಿಮ್ಮ ಕೈ. ನೀವ ಹೇಳ್ರಿ. ನಿಮಗ ನೆನಪೈತೇನು?”

“ಐತಿ,” ಅಂದೆ. “ಹೊರಸು ನೆನಪೈತಿ, ಕೆಂಡ ನೆನಪೈತಿ.”

“ಮೂರು ವರ್ಷದ ಕೂಸಿಗೆ?”

“ಐತಿ.”

ಆಕೆ ನೀರು ಬೆರೆಸಲು ಬಗ್ಗಿದಳು. ನಾನು ಸುಳ್ಳು ಹೇಳಲಿಲ್ಲ. ನೆನಪಿದ್ದದ್ದನ್ನೇ ಹೇಳಿದೆ. ಈಗ ಬರೆಯುವಾಗ ಇದಕ್ಕಿಂತ ನಾಚಿಕೆಗೇಡಿನ ವಾಕ್ಯ ನನಗೆ ಕಾಣುವುದಿಲ್ಲ.

ವೈನಿ ಮರೆಯಲ್ಲಿ ಹೊತ್ತಿಸಿಟ್ಟಿದ್ದ ಶೇಗಡಿಯನ್ನು ಅಣ್ಣ ಹುಡುಕಿ ಹಿತ್ತಲಿಗೆ ಒಯ್ದು ಕೆಂಡದ ಮೇಲೆ ನೀರು ಸುರಿದ. ವಾಪಸು ಬಂದು ಏಣಿಯ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ, ಬೀಗರು ಬರುವುದರೊಳಗೆ ಅರಿವೆಗಳೆಲ್ಲ ಗರಿಗರಿ ಒಣಗಿರಬೇಕು ಎಂದ. ಬೀಗತಿ ಹೊಲಿದು ಕಳಿಸಿದ್ದ ಕೆಂಪು ಕುಂಚಿಗೆಯೂ ಅದರಲ್ಲಿತ್ತು. ಅದನ್ನೇ ಇಂದು ಕೂಸಿಗೆ ತೊಡಿಸಬೇಕಿತ್ತು.

ಬೀಗರ ಕಾರು ಬಂತು. ಅಣ್ಣ, ವೈನಿ ಪಡಸಾಲೆಗೆ ಹೋದರು. ಆಯಿ ಕೂಸಿಗೆ ಎಣ್ಣೆ ಹಚ್ಚಲು ಬಾಣಂತಿ ಕೋಣೆಯಲ್ಲಿದ್ದಳು. ಕುಂಚಿಗೆ ತರಲು ಬಚ್ಚಲಮನೆಗೆ ಹೋದದ್ದು ನಾನು. ಅದು ಸರಳಿನಿಂದ ಜಾರಿ ಏಣಿಯ ಹಿಂದೆ, ಗೋಡೆಯ ಸಂದಿಗೆ ಬಿದ್ದಿತ್ತು. ಸರಳುಗಳ ನಡುವೆ ಎಡಗೈ ತೂರಿಸಿದೆ. ಬೆರಳಿಗೆ ಅರಿವೆ ಸಿಕ್ಕಿತು. ಎಳೆಯುವಾಗ ಅಂಗಿಯ ಮಡಚಿದ ತೋಳು ಸರಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಮುಂಗೈ ಎರಡು ಸರಳುಗಳಿಗೆ ಒತ್ತಿ ಹಿಡಿದಂತಾಗಿ, ನಾನು ಕೂಗಿಕೊಂಡೆ.

ಆಯಿ ಬಂದಳು. ಎಣ್ಣೆಯ ಬಟ್ಟಲು ಕೈಯಲ್ಲೇ ಇತ್ತು. “ಕುಂಡ್ರಿ,” ಎಂದು ನನ್ನನ್ನು ಅದೇ ಮಣೆಯ ಮೇಲೆ ಕೂರಿಸಿ, ತಣ್ಣೀರು ಹುಯ್ದು, ಒರೆಸಿ, ಕೊಬ್ಬರಿ ಎಣ್ಣೆ ಸವರಿದಳು. ಬೊಬ್ಬೆ ಬಂದಿರಲಿಲ್ಲ. ಕೆಂಪಾಗಿ ಎರಡು ಗೆರೆ ಎದ್ದಿದ್ದವು. ನೆಟ್ಟಗೆ, ಒಂದರ ಪಕ್ಕ ಒಂದು.

ಆಕೆಯ ಬೆರಳು ಅಲ್ಲೇ ನಿಂತಿತು. ನಿಧಾನವಾಗಿ ಮೇಲಕ್ಕೆ ಸರಿದು, ಹಳೆಯ ಕಲೆಯ ಮೇಲೆ ಬಂತು.

“ನೋಡ್ರಿ ಮಾಸ್ತರ.”

ನೋಡಿದೆ. ಹಳೆಯ ಕಲೆಯೂ ಎರಡು ಗೆರೆ. ಸಣ್ಣವು, ಬೆರಳಿನಷ್ಟು ಉದ್ದದವು. ನೆಟ್ಟಗೆ, ಒಂದರ ಪಕ್ಕ ಒಂದು.

“ಕಬ್ಬಿಣ ಹಿಂಗ ಸುಡತೈತಿ. ಕೆಂಡ ಹಿಂಗ ಗೆರಿ ಹೊಡದು ಸುಡತೈತೇನ್ರಿ?”

ನಾನು ಸಾವಿರಾರು ಹುಡುಗರಿಗೆ ಉಷ್ಣದ ಪಾಠ ಹೇಳಿದವನು. ಬಿಸಿ ವಸ್ತುವಿನ ಆಕಾರ ಚರ್ಮದ ಮೇಲೆ ಮೂಡುತ್ತದೆ ಎಂಬುದು ಅಡುಗೆಮನೆಯ ಯಾವ ಹೆಂಗಸಿಗೂ ಗೊತ್ತು. ತೋಳು ಮಡಚಿ ಮಡಚಿ ಜಗತ್ತಿಗೆ ತೋರಿಸಿದೆ, ನಾನು ನೋಡಿರಲಿಲ್ಲ.

“ಹಂಗಾರ ಏನಾಗಿತ್ತು ಆಯಿ?”

“ನಿಮಗ ಕಾಮಣಿ ಆಗಿತ್ತು. ಕಣ್ಣು ಅರಿಷಿಣ. ಔಷಧ ನಾಟಲಿಲ್ಲ. ನಿಮ್ಮಪ್ಪಾರು ಸೈಕಲ್ ಮ್ಯಾಲ ಕುಂಡ್ರಿಸ್ಕೊಂಡು ಯಾವ್ದೋ ಹಳ್ಳಿಗೆ ಒಯ್ದು ಬರಿ ಹಾಕಿಸ್ಕೊಂಡು ಬಂದ್ರು. ಕಾದ ಕಬ್ಬಿಣದಾಗ ಎರಡ ಗೆರಿ. ನಿಮ್ಮಣ್ಣಾರೂ ಹಿಂದ ಕುಂತು ಹೋಗಿದ್ರು. ನಾ ಆಗ ಕೂಸಿಗೆ ಎರದು ಅರಿವಿ ಒಣಗಸಾಕತ್ತಿದ್ದೆ. ಬೆಣ್ಣಿ ಹಚ್ಚಿದಾಕಿ ನಾನ. ಅಷ್ಟೊತ್ತಿಗೆ ಸಾಲಿ ಮಾಸ್ತರು ಇಬ್ರು ಬಂದ್ರು, ಕೈಗೇನಾತು ಅಂತ ಕೇಳಿದ್ರು. ನಿಮ್ಮಪ್ಪಾರು ಸುತ್ತ ನೋಡಿದ್ರು. ನನ್ನ ಶೇಗಡಿ ಕಾಣಿಸ್ತು.”

“ನೀವು ಯಾಕ ಹೇಳಲಿಲ್ಲ?”

“ಯಾರ ಮುಂದ ಹೇಳ್ಲಿ? ಹೆಡ್‌ಮಾಸ್ತರ ಹೇಳಿದ್ದು ಖರೆನೋ, ಕೂಸಿಗೆ ಎರಿಯಾಕಿ ಹೇಳಿದ್ದು ಖರೆನೋ?”

ಬರೆ ಹಾಕಿಸುವುದನ್ನು ನನ್ನಪ್ಪ ಎಷ್ಟು ಭಾಷಣಗಳಲ್ಲಿ ಬೈದಿದ್ದರೋ ಲೆಕ್ಕವಿಲ್ಲ. ಆ ಬೈಗುಳಗಳಲ್ಲಿ ಯಾವುವು ನನ್ನ ಕೈಗಿಂತ ಮೊದಲಿನವು, ಯಾವುವು ಆಮೇಲಿನವು, ಈಗ ತಿಳಿಯುವಂತಿಲ್ಲ. ಮಗ ಸಾಯುತ್ತಾನೆಂದು ಹೆದರಿದ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರು ಮಾಸ್ತರುಗಳಿಗೆ ಹೆದರಿದ ಹೆಡ್‌ಮಾಸ್ತರನ ಮೇಲೆ ಇದೆ.

ಆಕೆ ಹೇಳುತ್ತಿದ್ದ ಹಾಗೆಯೇ ನನ್ನ ತಲೆಯಲ್ಲಿ ಸೈಕಲ್ ಬಂತು. ಮುಂದಿನ ದಂಡದ ಮೇಲೆ ಮಡಚಿ ಹಾಕಿದ್ದ ಟವೆಲ್, ತೊಡೆಗೆ ಒತ್ತುವ ಅದರ ಗಂಟು, ಎರಡೂ ಬದಿಗೆ ಕರಿ ಹೊಲ. ಎಷ್ಟು ಸ್ಪಷ್ಟವೆಂದರೆ ಕಣ್ಣಲ್ಲಿ ನೀರು ಬಂತು. ಕೂಡಲೇ ಅನುಮಾನವೂ ಬಂತು. ಹತ್ತು ನಿಮಿಷದ ಹಿಂದೆ ಈ ಸೈಕಲ್ ಎಲ್ಲಿತ್ತು? ಕೆಂಡವನ್ನು ಕಟ್ಟಿಕೊಂಡ ತಲೆಯೇ ಈಗ ಸೈಕಲ್ಲನ್ನೂ ಕಟ್ಟಿಕೊಟ್ಟಿರಬಹುದು. ನೆನಪಿನ ಮಾತನ್ನು ಇನ್ನು ನಾನು ಎತ್ತುವ ಹಾಗಿರಲಿಲ್ಲ. ಕೈಮೇಲಿನ ನಾಲ್ಕು ಗೆರೆಗಳನ್ನು ಮಾತ್ರ ನಂಬಬಹುದಿತ್ತು.

ಪಡಸಾಲೆಯಲ್ಲಿ ಬೀಗರು ಚುರಮುರಿಯ ಗಿರ್ಮಿಟ್ ತಿನ್ನುತ್ತ ಕುಳಿತಿದ್ದರು. ಅಣ್ಣ ಆಗಲೇ ಮಾತು ಶುರುಮಾಡಿದ್ದ.

“ಅದಕ್ಕ ನಾಳಿಂದ ಬ್ಯಾರೆ ಆಯಾ ಬರ್ತಾಳ್ರಿ. ಇಕಿ ಮೊದ್ಲ ನಮ್ಮ ತಮ್ಮನ್ನ...”

“ಅಣ್ಣಾ, ಆಯಿ ನನ್ನ ಸುಟ್ಟಿಲ್ಲ,” ಅಂದೆ.

ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಬೀಗತಿಯ ಚಮಚೆ ತಟ್ಟೆಯಲ್ಲಿ ನಿಂತಿತು. ನಾನು ತೋಳು ಮೇಲಕ್ಕೆಳೆದು ಅವರ ಮುಂದೆ ಕೈ ಚಾಚಿದೆ. ಕ್ಲಾಸಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದೆ, ಈ ಸಲ ಪಾಠ ಬೇರೆ.

“ಇದು ಈಗ ಆ ಏಣಿ ಸುಟ್ಟದ್ದು. ಇದು ನಾ ಸಣ್ಣಾವಿದ್ದಾಗ ಬರಿ ಹಾಕಿಸಿದ್ದು. ನಮ್ಮಪ್ಪ ಹಾಕಿಸಿದ್ದು, ಕಾಮಣಿಗೆ. ಶೇಗಡಿದಲ್ಲ. ಐವತ್ತು ವರ್ಷ ನಮ್ಮ ಮನ್ಯಾಗ ಸುಳ್ಳು ಹೇಳೀವಿ. ನಾನೂ ಹೇಳೀನಿ.”

ಬೀಗತಿ ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. “ಹೌದ ರಿ. ಇದು ಬರಿನ. ನಮ್ಮ ಅಣ್ಣನ ಕೈಯಾಗೂ ಹಿಂಗ ಐತಿ. ಇದನ್ನ ಯಾರು ನೋಡಿದ್ರೂ ಹೇಳ್ತಾರಲ್ರಿ, ನಿಮಗ ಇಷ್ಟು ದಿನ ತಿಳೀಲಿಲ್ಲೇನು?”

“ಇಲ್ರಿ,” ಅಂದೆ. “ನಾನು ಎಮ್ಮೆಸ್ಸಿ.”

ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

“ನೀನೂ ಸೈಕಲ್ ಮ್ಯಾಲ ಬಂದಿದ್ದಿ ಅಂತಲ್ಲ ಅಣ್ಣಾ?” ಅಂದೆ.

ಆಗ ಅವನಿಗೆ ಒಂಬತ್ತು ವರ್ಷ. ಮಾರುಕಟ್ಟೆಯಲ್ಲಿ ಯಾವ ರೈತ ಯಾವ ವರ್ಷ ಎಂಥ ಮೆಣಸಿನಕಾಯಿ ತಂದಿದ್ದ ಎಂದು ಬಾಯಲ್ಲೇ ಹೇಳುವವನು ಅಣ್ಣ. ಅವನು ಗಿರ್ಮಿಟ್ಟಿನೊಳಗಿನ ಈರುಳ್ಳಿಯನ್ನು ಬೆರಳಲ್ಲಿ ಬದಿಗೆ ಸರಿಸಿದ.

“ನನಗೇನೂ ನೆನಪಿಲ್ಲಪಾ,” ಅಂದ.

ಇರಬಹುದು. ನನಗೆ ಇಲ್ಲದ್ದು ನೆನಪಿತ್ತು, ಅವನಿಗೆ ಇದ್ದದ್ದು ನೆನಪಿರಲಿಕ್ಕಿಲ್ಲ. ಅಥವಾ ಪೂರ್ತಿ ನೆನಪಿತ್ತು, ಅದಕ್ಕೇ ಮನೆಯಲ್ಲಿ ಶೇಗಡಿ ಕಂಡರೆ ಅಷ್ಟು ಹಾರಾಡುತ್ತಿದ್ದ. ನಾನು ಒತ್ತಿ ಕೇಳಲಿಲ್ಲ. ಕೇಳಿ ಬರುವ ಉತ್ತರವನ್ನು ಯಾವುದರಿಂದ ಅಳೆಯಬೇಕೆಂದು ತಿಳಿಯಲಿಲ್ಲ.

ಆಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಎಣ್ಣೆಯಲ್ಲಿ ಮಿಂಚುವ ಕೂಸು ಆಕೆಯ ತೋಳಲ್ಲಿತ್ತು. ಯಾರಾದರೂ ಕೈಮುಗಿಯುತ್ತಾರೆಂದೋ ತಪ್ಪಾಯಿತು ಎನ್ನುತ್ತಾರೆಂದೋ ಆಕೆ ಕಾಯಲಿಲ್ಲ. ಬೀಗತಿಯ ಕಡೆ ಮಾತ್ರ ತಿರುಗಿದಳು.

“ಕೇಳಿದ್ರಿಲ್ರಿ ಯವ್ವಾ? ತವರಿಗೆ ಹೋದಾಗ ನಮ್ಮ ಓಣ್ಯಾಗೂ ಒಂದೀಟು ಹೇಳ್ರಿ. ನನ್ನ ಸೊಸಿ ಮುಂದ ಹೇಳಿದ್ರ ಇನ್ನೂ ಚಲೋ.”

“ಇವತ್ತ ಹೇಳ್ತೀನಿ ತಗೋ,” ಅಂದರು ಬೀಗತಿ.

“ಆತು ಬಿಡ್ರಿ. ನೀರು ಆರತಾವು.”

ಆಕೆ ಒಳಗೆ ನಡೆದಳು. ಹಿಂದೆಯೇ ಅಣ್ಣ ಎದ್ದ. ಮತ್ತೇನು ಜಗಳ ತೆಗೆಯುತ್ತಾನೋ ಎಂದು ವೈನಿಯೂ ನಾನೂ ಬೆನ್ನಿಗೆ ಹೋದೆವು. ಅಣ್ಣ ಬಚ್ಚಲಮನೆಯ ಹೊರಗೆ ಗೋಡೆಯ ಮುಂದೆ ನಿಂತು ಎರಡು ಸ್ವಿಚ್ಚುಗಳನ್ನು ನೋಡಿದ. ಮೊದಲು ನೆಲದ್ದು ಆರಿಸಿದ. ಸ್ವಲ್ಪ ತಡೆದು ಏಣಿಯದ್ದೂ ಆರಿಸಿದ. ಯಾರ ಮುಖವನ್ನೂ ನೋಡದೆ ಬೀಗರ ಹತ್ತಿರ ಹೋಗಿ ಕುಳಿತ. ಆ ದಿನ ಅವರಿಗೆ ಬಚ್ಚಲಮನೆ ತೋರಿಸಲಿಲ್ಲ.

ಆಯಿ ನೆಲದ ಮೇಲೆ ನಾಲ್ಕು ತಂಬಿಗೆ ತಣ್ಣೀರು ಹೊಡೆದು, ಅಂಗೈ ಊರಿ ನೋಡಿದಳು. ಮಣೆಯನ್ನು ಕಾಲಲ್ಲಿ ಪಕ್ಕಕ್ಕೆ ದೂಡಿದಳು, ಗೋಣಿಚೀಲವನ್ನು ತೆಗೆದು ಏಣಿಯ ಮೇಲೆ ಎಸೆದಳು. ಆಮೇಲೆ ಬರಿಯ ನೆಲದ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡಳು.

“ಈಗ ಇದು ನೆಲ ಆತು ನೋಡವ್ವಾ,” ಎಂದು ವೈನಿಗೆ ಹೇಳಿ, ಮೊದಲ ತಂಬಿಗೆ ಬಿಸಿನೀರನ್ನು ತನ್ನ ಮೊಣಕಾಲ ಮೇಲೆ ಸುರಿದು ಕಾವು ನೋಡಿದಳು.